ಪ್ರೈಡ್ ನಡಿಗೆಯ ಫೋಟೊ: ರಾತ್ರಿ ಬಸ್ಸಿಗೆ ಹಾಸನಕ್ಕೆ ಮರಳುವವರೂ ಅದರಲ್ಲಿದ್ದಾರೆ

ಮಾನ್ಯ ಸಂಪಾದಕರೇ,

ಸಲಿಂಗಪ್ರೇಮಿಗಳು, ಲಿಂಗತ್ವ ಅಲ್ಪಸಂಖ್ಯಾತರು ತಮ್ಮ ಘನತೆ ಮತ್ತು ಹಕ್ಕಿಗಾಗಿ ನಡೆಸುವ ಬೆಂಗಳೂರಿನ ‘ನಮ್ಮ ಪ್ರೈಡ್’ ನಡಿಗೆ ವರ್ಷದ ಕೊನೆಯ ತಿಂಗಳುಗಳಲ್ಲಿ, ಹೆಚ್ಚಾಗಿ ನವೆಂಬರ್ ಸುಮಾರಿಗೆ ನಡೆಯುತ್ತದೆ. ಮರುದಿನ ಕನ್ನಡ ಪತ್ರಿಕೆಗಳಲ್ಲಿ ಬರುವುದು ಬಹುತೇಕ ಒಂದೇ ಬಗೆಯ ಚಿತ್ರ. ಬಣ್ಣ ಹಚ್ಚಿಕೊಂಡ ಒಂದು ಮುಖ ತೀರಾ ಹತ್ತಿರದಿಂದ, ಹಿಂದೆ ಆರು ಬಣ್ಣದ ಬಾವುಟ, ಕೆಳಗೆ ಎರಡು ಸಾಲಿನ ಅಡಿಬರಹ. ಹಾಸನ, ಬೇಲೂರು, ಸಕಲೇಶಪುರ, ಅರಸೀಕೆರೆ, ಕಡೂರು, ಮೂಡಿಗೆರೆ ಕಡೆಯಿಂದ ನಸುಕಿನ ಬಸ್ಸು ಹಿಡಿದು ಹೋಗಿ ಅದೇ ರಾತ್ರಿ ಊರಿಗೆ ಮರಳುವವರೂ ಆ ನಡಿಗೆಯಲ್ಲಿ ಇರುತ್ತಾರೆ. ಬೆಳಗಾದರೆ ಅದೇ ಪತ್ರಿಕೆ ಅವರ ಮನೆಯ ಜಗಲಿಗೂ ಬೀದಿ ತುದಿಯ ಹೋಟೆಲಿನ ಮೇಜಿಗೂ ಬಂದು ಬೀಳುತ್ತದೆ. ಪ್ರೈಡ್ ಕಾರ್ಯಕ್ರಮಗಳ ಏರ್ಪಾಟಿನಲ್ಲಿ ಕೈಜೋಡಿಸುವ ನಾವು ಬರೆಯುತ್ತಿರುವುದು ಆ ಫೋಟೊದ ಬಗ್ಗೆ: ಒಪ್ಪಿಗೆ ಇಲ್ಲದೆ ಯಾರ ಮುಖವೂ ಅಚ್ಚಾಗಬಾರದು.

ಕಾನೂನು ಬದಲಾಗಿದೆಯಲ್ಲ, ಇನ್ನೂ ಏಕೆ ಮುಚ್ಚುಮರೆ ಎಂದು ಕೇಳುವವರಿದ್ದಾರೆ. ಬೆಂಗಳೂರಿನ ಮೊದಲ ನಡಿಗೆ ನಡೆದದ್ದು 2008ರ ಜೂನ್ 29ರಂದು, ದೆಹಲಿ ಮತ್ತು ಕೋಲ್ಕತ್ತದ ನಡಿಗೆಗಳ ದಿನವೇ. ಆಗ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಭಾರತೀಯ ದಂಡಸಂಹಿತೆಯ 377ನೇ ಕಲಂ ಜೀವಂತವಾಗಿತ್ತು. ಮುಖವಾಡ ತೊಟ್ಟು ನಡೆದವರಿದ್ದರು. 2009ರ ಜುಲೈ 2ರಂದು ದೆಹಲಿ ಹೈಕೋರ್ಟ್ ವಯಸ್ಕರ ಒಪ್ಪಿತ ಸಂಬಂಧವನ್ನು ಆ ಕಲಮಿನಿಂದ ಹೊರಗಿಟ್ಟಿತು, 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಿರುಗಿಸಿತು, 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಮತ್ತೆ ಬಿಡುಗಡೆ ಕೊಟ್ಟಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮೇ ಇಲ್ಲ. ಪೊಲೀಸರ ಭಯ ಇಷ್ಟರಮಟ್ಟಿಗೆ ಇಳಿದಿದೆ. ಆದರೆ ಸಲಿಂಗಪ್ರೇಮಿ ಎಂಬ ಕಾರಣಕ್ಕೆ ಖಾಸಗಿ ಮಾಲೀಕ ಕೆಲಸದಿಂದ ತೆಗೆದರೆ, ಮನೆ ಮಾಲೀಕ ಬಾಡಿಗೆದಾರರನ್ನು ಹೊರಹಾಕಿದರೆ ಹಿಡಿದು ಕೇಳುವಂಥ ಪ್ರತ್ಯೇಕ ಕಾಯ್ದೆ ನಮ್ಮಲ್ಲಿಲ್ಲ. ಮನೆಯವರು ಅವಸರದಲ್ಲಿ ಮದುವೆ ಗೊತ್ತುಮಾಡುವುದಕ್ಕೆ, ಕಾಲೇಜು ಬಿಡಿಸುವುದಕ್ಕೆ ಯಾವ ತೀರ್ಪೂ ಅಡ್ಡ ಬರುವುದಿಲ್ಲ. ಬೆಂಗಳೂರಿನಲ್ಲಿ ಪತ್ರಿಕೆಯ ಮುಖ ಯಾರೋ ಒಬ್ಬರದು. ಹಾಸನದ ಹೊಸ ಬಸ್ ನಿಲ್ದಾಣದಿಂದ ಎನ್.ಆರ್. ವೃತ್ತಕ್ಕೆ ಹೋಗುವಷ್ಟರಲ್ಲಿ ಗುರುತಿನವರು ಮೂವರು ಸಿಗುತ್ತಾರೆ. ಇಲ್ಲಿ ಅದು ಇಂಥವರ ಮಗ, ಇಂಥವರ ಸೊಸೆ.

ನಡಿಗೆಗೆ ಬರುವವರೆಲ್ಲ ಅಡಗಿಕೊಳ್ಳಲು ಬಯಸುತ್ತಾರೆ ಎಂದಲ್ಲ. ಹೆಸರು, ಊರು ಹೇಳಿ ಕ್ಯಾಮೆರಾ ಮುಂದೆ ನಿಲ್ಲುವವರು ಬೇಕಾದಷ್ಟು ಮಂದಿ ಇದ್ದಾರೆ, ಅವರಿಂದಲೇ ಈ ಚಳವಳಿ ಇಲ್ಲಿಯವರೆಗೆ ಬಂದಿದೆ. ಆ ಧೈರ್ಯವನ್ನು ಅವರು ತಾವಾಗಿ ಆರಿಸಿಕೊಂಡರು. ಇನ್ನೊಬ್ಬರ ಪರವಾಗಿ ಅದನ್ನು ಛಾಯಾಗ್ರಾಹಕ ಆರಿಸಬಾರದು, ಸಂಘಟಕರೂ ಆರಿಸಬಾರದು. 2017ರ ಆಗಸ್ಟ್ 24ರ ಖಾಸಗಿತನದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಲೈಂಗಿಕ ಒಲವನ್ನು ಖಾಸಗಿತನದ ಅವಿಭಾಜ್ಯ ಭಾಗವೆಂದು ಹೇಳಿದೆ. ಆ ಅರ್ಜಿ ಹಾಕಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು.

ಹಾಗಾದರೆ ಸಾವಿರಾರು ಜನರ ನಡುವೆ ಯಾರು ಒಪ್ಪಿದವರು, ಯಾರು ಒಪ್ಪದವರು ಎಂದು ಗೊತ್ತಾಗುವುದು ಹೇಗೆ? ಸಾಮಾನ್ಯವಾಗಿ ‘ಫೋಟೊ ಬೇಡ’ ಎನ್ನುವವರಿಗೆ ಸ್ಟಿಕರ್ ಕೊಡುತ್ತಾರೆ. ಇದು ಹೆಚ್ಚು ಬಾರಿ ಕೈಕೊಡುತ್ತದೆ. ಬೆವರಿಗೆ ಸ್ಟಿಕರ್ ಉದುರುತ್ತದೆ, ಶಾಲಿನ ಕೆಳಗೆ ಮುಚ್ಚಿಹೋಗುತ್ತದೆ, ತಡವಾಗಿ ಬಂದವರಿಗೆ ಸಿಕ್ಕಿರುವುದೇ ಇಲ್ಲ. ಆಗೆಲ್ಲ ನಷ್ಟವಾಗುವುದು ರಕ್ಷಣೆ ಬೇಕಾದವರಿಗೇ. ತಿರುಗಿಸಿ ಮಾಡಬೇಕು: ಫೋಟೊಗೆ ಒಪ್ಪಿದವರು ಮಾತ್ರ ಗುರುತಿಗೆ ಬಟ್ಟೆಯ ಪಟ್ಟಿ ಹಾಕಿಕೊಳ್ಳಬೇಕು, ಪಟ್ಟಿ ಕಾಣದಿದ್ದರೆ ಕ್ಯಾಮೆರಾ ಎತ್ತಬಾರದು. ಪಟ್ಟಿ ಬಿದ್ದುಹೋದರೂ ಆಗ ಒಂದು ಚಿತ್ರ ತಪ್ಪುತ್ತದೆಯೇ ಹೊರತು ಒಬ್ಬರ ಬದುಕು ಕೆಡುವುದಿಲ್ಲ. ಪಟ್ಟಿ ಮಣಿಕಟ್ಟಿಗೆ ಕಟ್ಟಿದರೆ ಪ್ರಯೋಜನವಿಲ್ಲ; ಕೈ ಎತ್ತಿ ಘೋಷಣೆ ಕೂಗುವಾಗ ಮುಖ ಚೌಕಟ್ಟಿನಲ್ಲಿರುತ್ತದೆ, ಕೈ ಹೊರಗಿರುತ್ತದೆ. ಕೊರಳಿಗೆ ಹಾಕುವ 2.5 ಸೆಂ.ಮೀ. ಅಗಲದ ರಿಬ್ಬನ್ ಆದರೆ ಹತ್ತು ಮೀಟರ್ ದೂರಕ್ಕೂ ಕಾಣುತ್ತದೆ. ಬಣ್ಣ ಅಚ್ಚ ಬಿಳಿಯೇ ಇರಲಿ. ಕೆಂಪು, ಹಳದಿ, ಹಸಿರು ಆರಿಸಿದರೆ ಬಾವುಟದ ಬಣ್ಣಗಳ ನಡುವೆ ಕಳೆದುಹೋಗುತ್ತದೆ.

ಒಂದು ಚೌಕಟ್ಟಿನಲ್ಲಿ ಪಟ್ಟಿ ಹಾಕಿದ ಒಬ್ಬರು, ಅವರ ಹಿಂದೆ ಪಟ್ಟಿ ಇಲ್ಲದ ನಾಲ್ವರು ಬಂದರೆ? ತೊಡಕು ಇರುವುದು ಇಲ್ಲೇ. ಮುಂದಿನವರ ಒಪ್ಪಿಗೆ ಹಿಂದಿನವರಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ಸಾಲನ್ನೇ ವಿಂಗಡಿಸಬೇಕಾಗುತ್ತದೆ. 600 ಜನ ನಾಲ್ವರಂತೆ ಸಾಲುಗಟ್ಟಿ, ಸಾಲಿನ ನಡುವೆ ಒಂದೂವರೆ ಮೀಟರ್ ಬಿಟ್ಟು ನಡೆದರೆ ಮೆರವಣಿಗೆ ಸುಮಾರು 225 ಮೀಟರ್ ಉದ್ದವಾಗುತ್ತದೆ. ಕ್ಯಾಮೆರಾಗಳೆಲ್ಲ ಸೇರುವುದು ಮೊದಲ 50 ಮೀಟರಿನಲ್ಲಿ. ಬಾಲದಲ್ಲಿ ಬೈಕ್ ಸವಾರರು ನಿಧಾನಿಸಿ ಮೊಬೈಲಿನಲ್ಲಿ ವಿಡಿಯೊ ಮಾಡುತ್ತಾರೆ. ಹಾಗಾಗಿ ಫೋಟೊ ಬೇಡದವರನ್ನು ನಡುವಿನ ಭಾಗದಲ್ಲಿ ಇಟ್ಟು, ಎರಡೂ ಬದಿಗೆ ಹಗ್ಗ ಹಿಡಿದ ಸ್ವಯಂಸೇವಕರನ್ನು ನಿಲ್ಲಿಸಬೇಕು. ಇಪ್ಪತ್ತೈದು ಜನಕ್ಕೆ ಒಬ್ಬರಾದರೂ ಬೇಕು. ಐವತ್ತಕ್ಕೆ ಒಬ್ಬರಾದರೆ ಸಿಗ್ನಲ್‌ಗಳಲ್ಲಿ ಸಾಲು ತುಂಡಾದಾಗ ಹಗ್ಗ ಸಡಿಲವಾಗಿ ಎಲ್ಲರೂ ಕಲಸಿಹೋಗುತ್ತಾರೆ.

ಇದಕ್ಕಿಂತ ಒಳ್ಳೆಯ ಉಪಾಯ ದೊಡ್ಡ ಬಾವುಟ. ತಲೆಯ ಮೇಲೆ ಹೊದಿಸಿಕೊಂಡು ನಡೆಯುವ ಬಾವುಟ ನೋಡಲಿಕ್ಕೂ ಭವ್ಯ, ಅದರ ಕೆಳಗೆ ನಡೆದವರ ಮುಖವೂ ಹೊರಗೆ ಕಾಣುವುದಿಲ್ಲ. ಹಾಸನದ ಯಾವ ದರ್ಜಿಯೂ ಹೊಲಿದುಕೊಡಬಹುದಾದ ಲೆಕ್ಕ ಇಲ್ಲಿದೆ. 12 ಮೀಟರ್ ಉದ್ದ, 3 ಮೀಟರ್ ಅಗಲ. ಮೇಲಿನಿಂದ ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ನೇರಳೆ, ಪ್ರತಿ ಪಟ್ಟೆ 50 ಸೆಂ.ಮೀ. ಅಂಗಡಿಯಲ್ಲಿ 44 ಇಂಚು ಪನ್ನದ (ಅಗಲದ) ಪಾಲಿಯೆಸ್ಟರ್ ಟಫೆಟಾ ಎಂಬ ತೆಳು ಬಟ್ಟೆ ಸಿಗುತ್ತದೆ, ಅಂದರೆ ಸುಮಾರು 112 ಸೆಂ.ಮೀ. ಅದನ್ನು ಉದ್ದಕ್ಕೆ ಎರಡಾಗಿ ಸೀಳಿದರೆ 56 ಸೆಂ.ಮೀ.ನ ಎರಡು ಪಟ್ಟೆ. ಎರಡೂ ಅಂಚಿಗೆ 3 ಸೆಂ.ಮೀ. ಹೊಲಿಗೆಗೆ ಹೋದರೆ ಸರಿಯಾಗಿ 50 ಉಳಿಯುತ್ತದೆ. ಎರಡು ತುಂಡು ಉದ್ದಕ್ಕೆ ಜೋಡಿಸಬೇಕಾದ್ದರಿಂದ ಬಣ್ಣಕ್ಕೆ ಆರೂಕಾಲು ಮೀಟರಿನಂತೆ ಒಟ್ಟು 37.5 ಮೀಟರ್ ಬಟ್ಟೆ ಸಾಕು. ಹತ್ತಿ ಬಟ್ಟೆ ಬೇಡ: ಸಂಜೆ ತುಂತುರು ಹನಿದರೆ ಕೆಂಪು ಬಣ್ಣ ಬಿಟ್ಟು ಹಳದಿಗೆ ಹತ್ತುತ್ತದೆ, ನೀರು ಕುಡಿದ ಬಟ್ಟೆ ಎತ್ತಲಿಕ್ಕೂ ಆಗುವುದಿಲ್ಲ. ಟಫೆಟಾ ಆದರೆ ಇಡೀ ಬಾವುಟ ಒಣಗಿದ್ದಾಗ 3 ಕೆ.ಜಿ. ಆಸುಪಾಸು. ಅಂಚಿಗೆ ಪ್ರತಿ ಒಂದೂವರೆ ಮೀಟರಿಗೆ ನವಾರದ ಹಿಡಿಕೆ ಹೊಲಿಸಬೇಕು; ಬದಿಗೆ ಒಂಬತ್ತರಂತೆ ಹದಿನೆಂಟು. ಹಿಡಿಕೆ ಇಲ್ಲದೆ ಬಟ್ಟೆಯನ್ನೇ ಮುಷ್ಟಿಯಲ್ಲಿ ಹಿಡಿದರೆ ಮೊದಲ ಗಾಳಿಗೇ ಹೊಲಿಗೆ ಬಿಡುತ್ತದೆ.

ಆ ಹದಿನೆಂಟು ಹಿಡಿಕೆ ಹಿಡಿಯುವವರು ಫೋಟೊಗೆ ಒಪ್ಪಿದವರೇ ಆಗಿರಬೇಕು, ಹೊರಗಿನಿಂದ ಕಾಣುವ ಮುಖ ಅವರದೇ. ಒಳಗೆ ಮೂವತ್ತು ಜನ ಆರಾಮವಾಗಿ ನಡೆಯಬಹುದು. ನಡು ಜೋತುಬಿದ್ದು ತಲೆಗೆ ತಾಗುವುದರಿಂದ ನಾಲ್ಕೈದು ಮಂದಿ ಕೈಯೆತ್ತಿ ಆನಿಸಿಕೊಂಡಿರಬೇಕು. ಒಂದು ಬಿರುಕು ಉಳಿಯುತ್ತದೆ: ಛಾಯಾಗ್ರಾಹಕ ಮುಂದೆ ಬಂದು ಮಂಡಿಯೂರಿದರೆ ಬಾವುಟದ ಅಡಿ ನೇರ ಕಾಣುತ್ತದೆ. ಬಾವುಟಕ್ಕೆ ಎರಡು ಮೀಟರ್ ಮುಂದೆ 6 ಮೀಟರಿನ ಬ್ಯಾನರನ್ನು ಎದೆಮಟ್ಟಕ್ಕಿಂತ ಎತ್ತರಕ್ಕೆ ಹಿಡಿಸಿದರೆ ಅದೂ ಮುಚ್ಚುತ್ತದೆ. ಪತ್ರಿಕೆಯ ದೃಷ್ಟಿಯಿಂದಲೂ ಇದು ನಷ್ಟದ ಮಾತಲ್ಲ. ಪಾದಚಾರಿ ಮೇಲ್ಸೇತುವೆಯ ಮೇಲೆ ನಿಂತು ತೆಗೆದರೆ ಬಾವುಟ, ಜನ, ಬೀದಿ ಎಲ್ಲವೂ ಒಂದೇ ಚೌಕಟ್ಟಿಗೆ ಬಂದು ಮುಖಪುಟಕ್ಕೆ ಒಪ್ಪುವ ಚಿತ್ರ ಸಿಗುತ್ತದೆ, ಯಾರ ಮುಖವೂ ಹೊರಬೀಳುವುದಿಲ್ಲ.

ನಮ್ಮ ಜಿಲ್ಲೆಗಳಿಂದ ಹೊಸದಾಗಿ ಹೋಗುವವರಿಗೂ ಎರಡು ಮಾತು ಹೇಳಬೇಕಿದೆ, ಏಕೆಂದರೆ ಗುಟ್ಟು ರಟ್ಟಾಗುವುದು ಪತ್ರಿಕೆಯಿಂದ ಮಾತ್ರವಲ್ಲ. ಆನ್‌ಲೈನಿನಲ್ಲಿ ಬಸ್ ಟಿಕೆಟ್ ಕಾಯ್ದಿರಿಸುವಾಗ ಅಪ್ಪನ ಮೊಬೈಲ್ ಸಂಖ್ಯೆ ಕೊಟ್ಟರೆ ಸಂದೇಶ ಅವರಿಗೇ ಹೋಗುತ್ತದೆ. ಹಾಸನದಿಂದ ವೇಗದೂತ ಬಸ್ಸುಗಳು ದಿನವಿಡೀ ಇರುವುದರಿಂದ ಕಾಯ್ದಿರಿಸುವ ಅಗತ್ಯವೇ ಇಲ್ಲ. ಶಕ್ತಿ ಯೋಜನೆ 2023ರ ಜೂನ್ 11ರಿಂದ ಮಹಿಳೆಯರ ಜತೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಟ್ಟಿದೆ. ರಾಜಹಂಸ, ಐರಾವತಕ್ಕೆ ಇಲ್ಲ. ಗುರುತಿನ ಚೀಟಿಯಲ್ಲಿ ಇನ್ನೂ ಹಳೆಯ ಹೆಸರು, ಹಳೆಯ ಲಿಂಗವೇ ಇದ್ದರೆ ತುಂಬಿದ ಬಸ್ಸಿನಲ್ಲಿ ನಿರ್ವಾಹಕರೊಂದಿಗೆ ವಾದಕ್ಕೆ ನಿಲ್ಲುವುದು ಆ ದಿನದ ಮಟ್ಟಿಗೆ ಬೇಡ, ಟಿಕೆಟ್ ತೆಗೆದುಬಿಡಿ. ಮೆಜೆಸ್ಟಿಕ್‌ವರೆಗೆ ಬಸ್ಸಿನಲ್ಲೇ ಕೂತರೆ ತುಮಕೂರು ರಸ್ತೆಯ ದಟ್ಟಣೆಯಲ್ಲಿ ಸಮಯ ಹಾಳು. ಗೊರಗುಂಟೆಪಾಳ್ಯದಲ್ಲಿ ಇಳಿದು ಹಸಿರು ಮಾರ್ಗದ ಮೆಟ್ರೊ ಹಿಡಿಯಬಹುದು. ಹಲವು ವರ್ಷ ತುಳಸಿ ತೋಟದಿಂದ ಟೌನ್ ಹಾಲ್‌ವರೆಗೆ ಸಾಗುತ್ತಿದ್ದ ನಡಿಗೆಯ ದಾರಿ ಈಗ ಸ್ಥಿರವಾಗಿಲ್ಲ. ಬೆಂಗಳೂರಿನ ಪ್ರತಿಭಟನೆಗಳನ್ನು ಫ್ರೀಡಂ ಪಾರ್ಕಿಗೆ ಸೀಮಿತಗೊಳಿಸಿದ 2021ರ ಆದೇಶದ ನಂತರ ಮಾರ್ಗವನ್ನು ಆಯಾ ವರ್ಷವೇ ನೋಡಿಕೊಳ್ಳಬೇಕು.

ದೇಣಿಗೆ, ಬ್ಯಾಡ್ಜ್, ಊಟದ ಹಣವನ್ನು ನಗದಾಗಿ ಕೊಡಿ. ಮನೆಯವರೊಂದಿಗೆ ಜಂಟಿ ಖಾತೆಯಿದ್ದರೆ ಯುಪಿಐ ಪಾವತಿಯಲ್ಲಿ ಸಂಘಟನೆಯ ಹೆಸರು ಪಾಸ್‌ಬುಕ್ಕಿಗೆ ಬಂದು ಕೂರುತ್ತದೆ. ಸಂಘಟಕರು ಸಾದಾ ವಾಟ್ಸ್‌ಆ್ಯಪ್ ಗುಂಪು ಮಾಡಿದರೆ ಎಲ್ಲರ ಸಂಖ್ಯೆ ಎಲ್ಲರಿಗೂ ಕಾಣುತ್ತದೆ. ಸಂಖ್ಯೆ ಮರೆಯಾಗಿರುವ ಕಮ್ಯುನಿಟಿ ಪ್ರಕಟಣೆಯ ವಿಧಾನವೇ ಸರಿ. ಗೆಳೆಯರು ಹಾಕುವ ಸ್ಟೇಟಸ್ಸೂ ಪತ್ರಿಕೆಯಷ್ಟೇ ದೂರ ಹೋಗಬಲ್ಲದು.

ಇನ್ನು ಮುಖದ ಬಣ್ಣ. ಹಗಲಿಡೀ ಹಚ್ಚಿಕೊಂಡ ಮಿನುಗು, ಕಾಡಿಗೆ, ಲಿಪ್‌ಸ್ಟಿಕ್ ಊರು ಸೇರುವಷ್ಟರಲ್ಲಿ ಪೂರ್ತಿ ಹೋಗಿರಬೇಕು ಎನ್ನುವವರು ಬಹಳ. ಎಲ್ಲರೂ ಮಾಡುವುದು ಮೊದಲು ನೀರು ಹಾಕಿ ಉಜ್ಜುವುದು. ಆಗ ಕಾಡಿಗೆ ಕೆನ್ನೆಗೆ ಇಳಿಯುತ್ತದೆ, ಮಿನುಗು ಹುಬ್ಬಿನ ಬುಡಕ್ಕೆ ಸೇರುತ್ತದೆ. ಒಣಮುಖಕ್ಕೇ ಕೊಬ್ಬರಿ ಎಣ್ಣೆ ಹಚ್ಚಿ ಒಂದು ನಿಮಿಷ ಬಿಟ್ಟು, ಹತ್ತಿಯನ್ನು ಒತ್ತಿ ಒಂದೇ ದಿಕ್ಕಿಗೆ ಎಳೆದು ತೆಗೆಯಬೇಕು, ಸೋಪು ಆಮೇಲೆ. ಕೂದಲಿನ ಅಂಚು, ಕಿವಿಯ ಹಿಂಭಾಗ, ಕತ್ತಿನ ಮಡಿಕೆಯನ್ನು ಇನ್ನೊಬ್ಬರಿಂದ ನೋಡಿಸಿ. ಕನ್ನಡಿಯಲ್ಲಿ ನಮಗೆ ಕಾಣದ ಜಾಗಗಳೇ ಅವು. ಉಗುರು ಬಣ್ಣಕ್ಕೆ ರಿಮೂವರ್ ಬೇಕೇ ಬೇಕು, ಉಗುರಿನ ಬದಿಯ ಗೆರೆಯಲ್ಲಿ ಉಳಿಯುವ ಕೆಂಪನ್ನು ಬೆಂಕಿಕಡ್ಡಿಯ ತುದಿಗೆ ಹತ್ತಿ ಸುತ್ತಿ ತೆಗೆಯಿರಿ. ಶಾಲೆಯ ಪೋಸ್ಟರ್ ಬಣ್ಣವನ್ನು ಮುಖಕ್ಕೆ ಹಚ್ಚಲೇಬೇಡಿ, ಚರ್ಮ ಕೆರಳಿ ಮರುದಿನ ಕೆಂಪಗೆ ಎದ್ದು ಕಾಣುತ್ತದೆ. ಸಂಘಟಕರು ನಡಿಗೆ ಆರಂಭವಾಗುವಲ್ಲಿ ಬಟ್ಟೆ ಬದಲಿಸುವ ಕೋಣೆ ಕೊಡುತ್ತಾರೆ, ಮುಗಿಯುವಲ್ಲಿ ಮರೆಯುತ್ತಾರೆ. ಹೊರ ಜಿಲ್ಲೆಯವರಿಗೆ ನಿಜವಾಗಿ ಬೇಕಾದ್ದು ಎರಡನೆಯದು: ನೀರು, ಬೆಳಕು, ಒಳಗಿನಿಂದ ಚಿಲಕ ಇರುವ ಕೋಣೆ, ರಾತ್ರಿ ಎಂಟರವರೆಗೆ. ಏಳೂವರೆಗೆ ಬಸ್ಸು ಹತ್ತಿದರೆ ಹನ್ನೊಂದೂವರೆ ಹೊತ್ತಿಗೆ ಹಾಸನ, ಚಿಕ್ಕಮಗಳೂರಿಗೆ ಇನ್ನೂ ಒಂದು ಗಂಟೆ ಮೇಲೆ.

ಈಗ ಪತ್ರಿಕೆಗೆ ಬರೋಣ. ಚಿತ್ರ ಏನು ಮಾಡಬಲ್ಲದು ಎಂಬುದಕ್ಕೆ ನಮ್ಮ ದೇಶದಲ್ಲೇ ದಾಖಲೆಯಿದೆ. 2010ರ ಫೆಬ್ರುವರಿಯಲ್ಲಿ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಮರಾಠಿ ಕಲಿಸುತ್ತಿದ್ದ ಪ್ರಾಧ್ಯಾಪಕ ಶ್ರೀನಿವಾಸ ರಾಮಚಂದ್ರ ಸಿರಸ್ ಅವರ ಮನೆಗೆ ಕ್ಯಾಮೆರಾ ನುಗ್ಗಿತು. ಸಲಿಂಗ ಸಂಬಂಧದ ಕಾರಣಕ್ಕೆ ಅವರು ಅಮಾನತಾದರು, ಅಲಹಾಬಾದ್ ಹೈಕೋರ್ಟ್ ಅಮಾನತಿಗೆ ತಡೆ ಕೊಟ್ಟ ಕೆಲವೇ ದಿನಗಳಲ್ಲಿ, ಏಪ್ರಿಲ್ 7ರಂದು, ತಮ್ಮ ಮನೆಯಲ್ಲಿ ಶವವಾಗಿ ಕಂಡರು. 2011ರಲ್ಲಿ ಹೈದರಾಬಾದಿನ ಸಲಿಂಗಪ್ರೇಮಿಗಳನ್ನು ಗುರುತು ಸಿಗುವಂತೆ ತೋರಿಸಿದ ಸುದ್ದಿ ವಾಹಿನಿಯೊಂದಕ್ಕೆ ವಾಹಿನಿಗಳದೇ ಸ್ವನಿಯಂತ್ರಣ ಪ್ರಾಧಿಕಾರ ಒಂದು ಲಕ್ಷ ರೂಪಾಯಿ ದಂಡ ಹಾಕಿ, ಕ್ಷಮೆ ಪ್ರಸಾರ ಮಾಡಿಸಿತು. ಪ್ರೈಡ್ ಸಾರ್ವಜನಿಕ ರಸ್ತೆಯಲ್ಲಿ ನಡೆಯುವುದು ನಿಜ, ಮೇಲಿನ ಎರಡು ಪ್ರಸಂಗಗಳಿಗೂ ಇದಕ್ಕೂ ಅಜಗಜಾಂತರ. ಆದರೂ ರಸ್ತೆಯಲ್ಲಿ ಸಾವಿರ ಜನರ ನಡುವೆ ನಡೆಯಲು ಒಪ್ಪಿದವರು ಅರ್ಧ ಪುಟದ ಚಿತ್ರಕ್ಕೂ ಒಪ್ಪಿದಂತಾಗುವುದಿಲ್ಲ.

ಒಪ್ಪಿಗೆ ಕೇಳುವ ಬಗೆಯಲ್ಲೂ ಒಂದು ಸೂಕ್ಷ್ಮವಿದೆ. ‘ಒಂದು ಫೋಟೊ ತಗೊಳ್ಳಲಾ?’ ಎಂದರೆ ಸಂಭ್ರಮದಲ್ಲಿರುವವರು ಹೂಂ ಎಂದುಬಿಡುತ್ತಾರೆ. ಯಾವ ಪತ್ರಿಕೆ, ಯಾವ ಆವೃತ್ತಿ, ಇ-ಪೇಪರಿನಲ್ಲೂ ಫೇಸ್‌ಬುಕ್ ಪುಟದಲ್ಲೂ ಬರುತ್ತದೆಯೇ, ನಿಮ್ಮ ಊರು ಯಾವುದು ಎಂದು ಕೇಳಿದರೆ ಉತ್ತರ ಬದಲಾಗಬಹುದು. ಬೆಂಗಳೂರು ಆವೃತ್ತಿಗೆ ಆಗಲಿ ಎಂದವರು ಹಾಸನ ಜಿಲ್ಲಾ ಪುಟಕ್ಕೆ ಬೇಡ ಎನ್ನುವುದುಂಟು, ಅದರಲ್ಲಿ ವಿರೋಧಾಭಾಸವೇನಿಲ್ಲ. ಚಿತ್ರವನ್ನು ಸುದ್ದಿಮನೆಗೆ ಕಳುಹಿಸುವಾಗಲೇ ಆ ಷರತ್ತನ್ನು ಕಡತದ ಹೆಸರಿನಲ್ಲಿ ಬರೆಯದಿದ್ದರೆ ಪುಟ ವಿನ್ಯಾಸ ಮಾಡುವವರಿಗೆ ಅದು ತಲುಪುವುದೇ ಇಲ್ಲ. ಮುಂದಿನ ವರ್ಷ ಬೇರಾವುದೋ ಕೋರ್ಟ್ ತೀರ್ಪಿನ ಸುದ್ದಿಗೆ ಹಳೆಯ ಸಂಗ್ರಹದಿಂದ ಅದೇ ಮುಖ ಮತ್ತೆ ಬರುತ್ತದೆ. ಸಂಗ್ರಹಚಿತ್ರದ ಈ ಮರುಬಳಕೆಯೇ ಹೆಚ್ಚು ಹಾನಿ ಮಾಡುವುದು, ಏಕೆಂದರೆ ಅಷ್ಟರಲ್ಲಿ ಆ ವ್ಯಕ್ತಿಯ ಪರಿಸ್ಥಿತಿ ಬದಲಾಗಿರುತ್ತದೆ.

ಮುಖ ಮಸುಕು ಮಾಡಿದರೆ ಸಾಕು ಎಂದು ನಂಬಬೇಡಿ. ಮನೆಯವರು ಗುರುತಿಸುವುದು ಮುಖದಿಂದ ಮಾತ್ರವೇ? ಮುಂದೋಳಿನ ಹಚ್ಚೆ, ಮೂಗುಬೊಟ್ಟು, ಹಬ್ಬಕ್ಕೆ ತಾವೇ ಕೊಡಿಸಿದ ಅಂಗಿ, ಕೈಯ ಗಡಿಯಾರ, ಕೊರಳಲ್ಲೇ ಉಳಿದ ಆಫೀಸಿನ ಗುರುತಿನ ಪಟ್ಟಿ, ಪಕ್ಕದಲ್ಲಿರುವ ಗೆಳತಿ, ಇಷ್ಟರಲ್ಲಿ ಯಾವುದಾದರೂ ಒಂದು ಸಾಕು. ಕಣ್ಣಿಗಷ್ಟೇ ತೆಳುವಾಗಿ ಮಸುಕು ಹಾಕುವ ಪದ್ಧತಿಯಂತೂ ನಿರುಪಯೋಗಿ. ಒಪ್ಪಿಗೆ ಇಲ್ಲದ ಚಿತ್ರವನ್ನು ಕತ್ತರಿಸಬೇಕು, ಇಲ್ಲವೇ ಬಿಡಬೇಕು. ಬೀಸುವ ಕೈಗಳು, ಬೀದಿಯಲ್ಲಿ ಹರಡಿದ ಬಾವುಟದ ಅಂಚು, ಭಿತ್ತಿಪತ್ರದ ಕನ್ನಡ ಬರಹ, ಡೊಳ್ಳು ಬಾರಿಸುವವರ ಬೆನ್ನು, ಇಂಥವನ್ನು ತೆಗೆಯಲು ಜಾಗ ಬೇಕಾದಷ್ಟಿದೆ.

ತಪ್ಪಿ ಪ್ರಕಟವಾದರೆ ಗಂಟೆಗಳ ಲೆಕ್ಕ. ಬೆಳಗ್ಗೆ ಆರಕ್ಕೆ ಇ-ಪೇಪರಿನಲ್ಲಿ ಕಂಡ ಚಿತ್ರ ಒಂಬತ್ತರೊಳಗೆ ಊರಿನ ಗುಂಪುಗಳಲ್ಲಿ ಹರಿದಾಡುತ್ತದೆ. ಜಿಲ್ಲಾ ಕಚೇರಿಗೆ ಕರೆ ಮಾಡಿದರೆ ಬೆಂಗಳೂರಿಗೆ ಹೇಳಿ ಎನ್ನುತ್ತಾರೆ, ಬೆಂಗಳೂರಿನಲ್ಲಿ ರಾತ್ರಿ ಪಾಳಿಯವರು ಮನೆಗೆ ಹೋಗಿರುತ್ತಾರೆ. ಪ್ರೈಡ್ ನಡೆದ ಮರುದಿನ ಬೆಳಗ್ಗೆ ಐದರಿಂದ ಹತ್ತರವರೆಗೆ ಜಾಲತಾಣದಿಂದ ಚಿತ್ರ ತೆಗೆಯುವ ಅಧಿಕಾರವಿರುವ ಒಬ್ಬರ ದೂರವಾಣಿ ಸಂಖ್ಯೆಯನ್ನು ಸಂಘಟಕರಿಗೆ ಮೊದಲೇ ಕೊಟ್ಟಿದ್ದರೆ ಇದು ಹತ್ತು ನಿಮಿಷದ ಕೆಲಸ.

ನಮ್ಮಲ್ಲೂ ಒಂದು ನಡಿಗೆ ಆಗಬಾರದೇಕೆ ಎಂದು ಚಿಕ್ಕಮಗಳೂರಿನ ಕೆಲ ಯುವಕರು ಕೇಳುತ್ತಾರೆ. ಆಸೆ ದೊಡ್ಡದು, ಅದನ್ನು ನಾವು ಗೌರವಿಸುತ್ತೇವೆ. ಆದರೆ ಆಜಾದ್ ಪಾರ್ಕಿನಲ್ಲಿ ಮೂವತ್ತು ಜನ ನಿಂತರೆ ಅವರ ನಡುವೆ ಮರೆಯಾಗಲು ಸ್ಥಳವಿರುವುದಿಲ್ಲ. ಮೊದಲು ಹದಿನೈದಿಪ್ಪತ್ತು ಜನರ ಒಳಾಂಗಣ ಸಭೆ ಆಗಲಿ. ಭಾನುವಾರ ಹನ್ನೊಂದರಿಂದ ಮೂರರೊಳಗೆ ಇಟ್ಟರೆ ತಾಲ್ಲೂಕಿನವರಿಗೆ ಹೋಗಿಬರಲು ಬಸ್ಸು ಸಿಗುತ್ತದೆ. ನವೆಂಬರ್ ಕೊನೆಯಿಂದ ಜನವರಿವರೆಗೆ ಅರೇಬಿಕಾ ಕೊಯ್ಲು, ತೋಟಗಳಲ್ಲಿ ಕೆಲಸ ಮಾಡುವವರಿಗೆ ರಜೆ ಇಲ್ಲ, ಆ ತಿಂಗಳು ಬಿಡಿ. ಎರಡು ಬಾಗಿಲಿರುವ ಕೋಣೆ ನೋಡಿ, ಎದುರಿಗೆ ಟ್ಯೂಷನ್ ಕೇಂದ್ರವೋ ಬಸ್ ನಿಲ್ದಾಣವೋ ಇರಬಾರದು. ಕೋಣೆಯ ಮಾಲೀಕರಿಗೆ ವಿಷಯವನ್ನು ಮೊದಲೇ ನೇರವಾಗಿ ಹೇಳಿಬಿಡಿ. ಹುಟ್ಟುಹಬ್ಬ ಎಂದು ಸುಳ್ಳು ಹೇಳಿ ಪಡೆದ ಕೋಣೆಯಿಂದ ಸಭೆಯ ನಡುವೆ ಎಬ್ಬಿಸಿದರೆ ಬೀದಿಗೆ ಬರುವವರು ಆ ಇಪ್ಪತ್ತು ಜನ. ಹಾಜರಿ ಪುಸ್ತಕ ಬೇಡ, ಗುಂಪು ಫೋಟೊ ಬೇಡ, ಮೊಬೈಲುಗಳು ಬಾಗಿಲ ಬಳಿಯ ಚೀಲದಲ್ಲಿರಲಿ.

ಇಂಥ ಸಭೆಯ ಬಗ್ಗೆ ನಿಮ್ಮ ‘ಇಂದಿನ ಕಾರ್ಯಕ್ರಮ’ ಅಂಕಣಕ್ಕೆ ಮಾಹಿತಿ ಬಂದರೆ ದಯವಿಟ್ಟು ಸ್ಥಳದ ವಿಳಾಸ ಹಾಕಬೇಡಿ, ಸಂಘಟಕರ ದೂರವಾಣಿ ಸಂಖ್ಯೆ ಸಾಕು. ಜತೆಗೆ ಕನ್ನಡದಲ್ಲೂ ಮಾತನಾಡಬಹುದಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಉಚಿತ ಕಾನೂನು ನೆರವಿನ 15100, ಈ ಎರಡನ್ನು ಅಚ್ಚು ಮಾಡಿದರೆ ಸಭೆಗೆ ಬರಲಾಗದವರಿಗೂ ಅನುಕೂಲ. ಮುಂದಿನ ಪ್ರೈಡ್‌ಗೆ ನಿಮ್ಮ ವರದಿಗಾರರು, ಛಾಯಾಗ್ರಾಹಕರು ಹೊರಡುವ ಮೊದಲು ಹದಿನೈದು ನಿಮಿಷ ಬಿಡುವು ಕೊಟ್ಟರೆ ಬಿಳಿ ಪಟ್ಟಿಯ ಕ್ರಮವನ್ನೂ ಸಾಲಿನ ವಿಂಗಡಣೆಯನ್ನೂ ನಕ್ಷೆ ಹಿಡಿದು ವಿವರಿಸಲು ನಾವು ನಿಮ್ಮ ಹಾಸನ ಕಚೇರಿಗೇ ಬರುತ್ತೇವೆ.

ಇಂತಿ,
ಪ್ರೈಡ್ ಸ್ವಯಂಸೇವಕರು
ಹಾಸನ ಮತ್ತು ಚಿಕ್ಕಮಗಳೂರು